ರೆಕ್ಕೆ ಬರುವ ಮುನ್ನ

ಹಾವೇರಿಯಿಂದ ರಾಣೆಬೆನ್ನೂರಿಗೆ ಹೊರಟರೆ ಹೆದ್ದಾರಿ ಬದಿಯಲ್ಲಿ ಮೋಟೆಬೆನ್ನೂರು ಸಿಗುತ್ತದೆ. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ ಮೈಲಾರ ಮಹಾದೇವಪ್ಪನವರ ಊರಿದು. ಮುಂಗಾರು ಹಿಡಿದ ಮೇಲೆ ಈ ದಾರಿಯಲ್ಲಿ ಹೋಗಿ ನೋಡಿ, ಎರಡೂ ಬದಿಗೆ ಗೋವಿನಜೋಳದ ಹಸಿರು.

ಆದರೆ ಸಹೋದರಿಯರೇ, ಒಮ್ಮೆ ಹೊಲಕ್ಕಿಳಿದು ಸುಳಿಯನ್ನು ಬಿಡಿಸಿ ನೋಡಿ. ಎಲೆಗಳಲ್ಲಿ ತೂತು, ಒಳಗೆ ಮರದ ಹೊಟ್ಟಿನಂತಹ ಲದ್ದಿ, ಅದರ ಕೆಳಗೆ ಒಂದು ಹುಳು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂತಹ ಗೆರೆ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದೇ ಫಾಲ್ ಸೈನಿಕ ಹುಳು.

ಇದು ನಮ್ಮ ನೆಲದ್ದಲ್ಲ, ಕಡಲಾಚೆಯ ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾದದ್ದು ಹಾವೇರಿಯ ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿ. ತೆವಳುವ ಹುಳು ಇಷ್ಟು ದೂರ ಹೇಗೆ ಹರಡಿತು ಎನ್ನುವಿರಾ? ಎರಡು ಮೂರು ವಾರ ಎಲೆ ತಿಂದು ಮಣ್ಣಿಗಿಳಿದು ಕೋಶ ಕಟ್ಟುತ್ತದೆ. ಹೊರಬರುವಾಗ ಅದು ರೆಕ್ಕೆಯುಳ್ಳ ಪತಂಗ! ಗಾಳಿ ಅನುಕೂಲವಾದರೆ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು. ಒಂದು ಹೆಣ್ಣು ಪತಂಗ ಸಾವಿರಕ್ಕೂ ಹೆಚ್ಚು ಮೊಟ್ಟೆಯಿಡುತ್ತದೆ.

ಆದ್ದರಿಂದ ರೆಕ್ಕೆ ಬರುವ ಮುನ್ನವೇ ಇದನ್ನು ತಡೆಯಬೇಕು. ಕಳೆ ತೆಗೆಯಲು ಹೊಲಕ್ಕೆ ಹೋಗುವ ಹೆಣ್ಣುಮಕ್ಕಳ ಕಣ್ಣು ಇಲ್ಲಿ ಬಹಳ ಮುಖ್ಯ. ಎಲೆಯ ಮೇಲೆ ನವಿರಾದ ಕೂದಲು ಮುಚ್ಚಿದ ಮೊಟ್ಟೆಯ ಗುಂಪು ಕಂಡರೆ ಕೈಯಿಂದಲೇ ಹೊಸಕಿಬಿಡಿ. ಹುಳು ಎಳೆಯದಿದ್ದಾಗ ಬೇವಿನ ಬೀಜದ ಕಷಾಯ ಕೆಲಸ ಮಾಡುತ್ತದೆ. ಸುಳಿಗೆ ಮರಳು, ಬೂದಿ ಹಾಕುವ ರೈತರೂ ಉಂಟು. ಹುಳು ಬಲಿತು ಸುಳಿಯಾಳಕ್ಕೆ ಸೇರಿದರೆ ದುಬಾರಿ ಔಷಧವೂ ಸರಿಯಾಗಿ ತಾಗುವುದಿಲ್ಲ.

ವಿಷದ ಔಷಧ ಸಿಂಪಡಿಸಲೇಬೇಕಾದರೆ ಕೃಷಿ ಅಧಿಕಾರಿಗಳನ್ನು ಕೇಳಿ. ಸಿಂಪಡಿಸಿದ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಒಗೆಯಬೇಡಿ. ಖಾಲಿ ಡಬ್ಬಿ ಎಷ್ಟೇ ಗಟ್ಟಿಯಾಗಿದ್ದರೂ ಅದರಲ್ಲಿ ನೀರು, ಎಣ್ಣೆ ತುಂಬಿಡಬೇಡಿ. ಮಕ್ಕಳಿರುವ ಮನೆಯಲ್ಲಿ ಬೆಳೆಯ ನಷ್ಟಕ್ಕಿಂತ ದೊಡ್ಡ ನಷ್ಟ ಅದರಿಂದ ಆದೀತು.

ಒಂಟೆಯನ್ನು ಕಟ್ಟಿ, ಅನಂತರ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿಯವರು(ಸ) ಕಲಿಸಿದ್ದಾರೆ. ಬಿತ್ತಿದವರು ದುಆ ಮಾಡಿ ಮನೆಯಲ್ಲಿ ಕುಳಿತರೆ ಸಾಲದು. ನಿಮ್ಮ ಮನೆಗೂ ಹೊಲವಿದ್ದರೆ ನಾಳೆ ಬೆಳಿಗ್ಗೆ ಹೋಗಿ ನಾಲ್ಕು ಸುಳಿ ಬಿಡಿಸಿ ನೋಡಿ ಬನ್ನಿ.