ಹರಿಗೋಲಿನ ತಳ ತಟ್ಟಿದ ಸದ್ದು

ಮೊನ್ನೆ ಅಕ್ಕನ ಮಗ ಫೋನಿಗೊಂದು ವಿಡಿಯೋ ಕಳಿಸಿದ್ದ. ರಷ್ಯಾದ ಮುರ್ಮಾನ್ಸ್ಕ್ ಬಂದರಿನ '50 ಲೆಟ್ ಪೊಬೆಡಿ' ಎಂಬ ಹಡಗು, ಅಣುಶಕ್ತಿಯಿಂದ ಓಡುವಂಥದ್ದು. ಉತ್ತರ ಧ್ರುವದ ದಾರಿಯಲ್ಲಿ ಫ್ರಾನ್ಸ್ ಜೋಸೆಫ್ ಲ್ಯಾಂಡ್ ಎಂದು ಸುಮಾರು 190 ದ್ವೀಪಗಳ ಹಿಂಡಿದೆ. ಅದರ ನಡುವೆ ಪ್ರವಾಸಿಗರನ್ನು ಹೊತ್ತು ಸಾಗುತ್ತಿತ್ತು. ಹಿಮ ಒಡೆಯುವ ಹಡಗೆಂದರೆ ಮುಂದೆ ಗರಗಸ ಕಟ್ಟಿರುತ್ತಾರೆಂದು ನಾನು ಎಣಿಸಿದ್ದೆ. ಹಾಗಲ್ಲವಂತೆ. ಮೂತಿಯನ್ನು ಮಂಜುಗಡ್ಡೆಯ ಮೇಲೆ ಹತ್ತಿಸಿ, ತನ್ನ ಮೈಭಾರದಿಂದಲೇ ಅದನ್ನು ಮುರಿಯುತ್ತದೆ. "ಮಾವ, ಅಲ್ಲಿ ಊರಿಲ್ಲ, ನೆಟ್‌ವರ್ಕಿಲ್ಲ, ಜೀವಮಾನದಲ್ಲಿ ಒಂದ್ಸಲ ಹೋಗ್ಬೇಕು" ಎಂದು ಕೆಳಗೆ ಬರೆದಿದ್ದ. ಲಕ್ಷಗಟ್ಟಲೆ ದುಡ್ಡಿನ ಮಾತು. ನನಗೆ ನಗು ಬಂತು. ಊರಿಲ್ಲದ, ದಾರಿಯಿಲ್ಲದ ದ್ವೀಪ ನೋಡಲು ನಮಗೆ ಬೇಕಾಗಿದ್ದದ್ದು ನಾಲ್ಕಾಣೆ, ಅಪ್ಪನ ಒಪ್ಪಿಗೆ, ಎರಡೇ. ನಾಲ್ಕಾಣೆ ಹೇಗೋ ಹುಟ್ಟುತ್ತಿತ್ತು.

ನಾನು ಬೆಳೆದದ್ದು ಬ್ಲಫ್‌ನಲ್ಲಿ. ಹೆಸರು ಕೇಳಿದ ಹೊರಗಿನವರು ಇಸ್ಪೀಟಾಟ ನೆನೆದು ಮುಗುಳ್ನಗುತ್ತಾರೆ; ಕಡಿದಾದ ಬಂಡೆಯ ಏರಿಗೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ, ಅಷ್ಟೆ. ಅಜ್ಜಿಯ ಬಾಯಲ್ಲಿ ಅದು 'ಬಿಲ್ಪು' ಆಗಿತ್ತು. ಕಾವೇರಿ ಇಲ್ಲಿ ಎರಡು ಕವಲಾಗಿ, ಶಿವನಸಮುದ್ರವನ್ನು ನಡುವೆ ತಬ್ಬಿಕೊಂಡು, ಒಂದು ಮಗ್ಗುಲಲ್ಲಿ ಗಗನಚುಕ್ಕಿಯಾಗಿಯೂ ಇನ್ನೊಂದರಲ್ಲಿ ಭರಚುಕ್ಕಿಯಾಗಿಯೂ ಧುಮುಕಿ ಮತ್ತೆ ಕೂಡುತ್ತಾಳೆ. ನಡುಗಡ್ಡೆಯ ಮೇಲೆ ಮಧ್ಯರಂಗ ಮಲಗಿದ್ದಾನೆ, ಸೋಮೇಶ್ವರನಿದ್ದಾನೆ, ಗಗನಚುಕ್ಕಿಯ ನೆತ್ತಿಯಲ್ಲಿ ಮರ್ದಾನೆ ಗೈಬ್ ದರ್ಗಾ ಇದೆ. ಇವೆಲ್ಲ ದೊಡ್ಡವರ ದ್ವೀಪ. ನಮ್ಮವು ಬೇರೆ ಇದ್ದವು: ಹೊಳೆಯೊಳಗೆ ಅಲ್ಲಲ್ಲಿ ಕೂತ ಹೆಸರಿಲ್ಲದ ಮರಿಗಡ್ಡೆಗಳು, ಬಂಡೆ, ಮರಳು, ನೀರಿಗೆ ಬಾಗಿದ ಹೊಳೆಮತ್ತಿ ಮರಗಳು.

ಅಪ್ಪ ಪವರ್‌ಹೌಸಿನಲ್ಲಿದ್ದರು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೂಡಿದ ಆ ಕೆಲಸವನ್ನು ಅವರು ತಮ್ಮ ಮದುವೆಯ ಕಥೆಯಷ್ಟೇ ಆಸೆಯಿಂದ ಹೇಳುತ್ತಿದ್ದರು. ಅಮೆರಿಕದ ಜನರೇಟರು, ಸ್ವಿಟ್ಜರ್ಲೆಂಡಿನ ಟರ್ಬೈನು ಸಮುದ್ರ ದಾಟಿ, ರೈಲಿಳಿದು, ಮದ್ದೂರಿನಿಂದಾಚೆ ಆನೆ ಎತ್ತುಗಳ ಬಲದಲ್ಲಿ ಇಲ್ಲಿಗೆ ಬಂದವು. 1902ರಲ್ಲಿ ಇಲ್ಲಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಬೆಂಗಳೂರಿನ ಬೀದಿಗೆ ಬೆಳಕು ಹೋದದ್ದು 1905ರಲ್ಲಿ. ಹಗ್ಗಕ್ಕೆ ಕಟ್ಟಿದ ಟ್ರಾಲಿ ಅಪ್ಪನನ್ನು ಇಳಿಜಾರಿನಲ್ಲಿ ಕೆಳಕ್ಕೆ ನುಂಗುತ್ತಿತ್ತು, ಪಾಳಿ ಮುಗಿದ ಮೇಲೆ ವಾಪಸ್ಸು ಉಗುಳುತ್ತಿತ್ತು. ಮೇಲೆ ಬಂದ ಅಪ್ಪನ ಅಂಗಿಗೆ ಎಣ್ಣೆ ವಾಸನೆ.

ಅವರ ರಜೆಯ ದಿನ ಅಂಬಿಗ ತಾತ ನಮ್ಮನ್ನು ಹರಿಗೋಲಿನಲ್ಲಿ ಕರೆದೊಯ್ಯುತ್ತಿದ್ದ. ದಡದ ಮೇಲೆ ಬೋರಲು ಹಾಕಿದ ಹರಿಗೋಲು, ಬಿದಿರ ಹೆಣಿಗೆ, ಅದಕ್ಕೆ ಬಿಗಿದ ತೊಗಲು. ನೀರಿಗಿಳಿಸುವ ಮೊದಲು ತಾತ ಬಗ್ಗಿ, ಗಡಿಗೆ ಕೊಳ್ಳುವವರ ಹಾಗೆ, ನಾಲ್ಕೂ ಕಡೆ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ. 'ಢಂ' ಎಂದರೆ ಸರಿ. ಎಲ್ಲಾದರೂ 'ತಪ್' ಎಂದರೆ ಅವತ್ತು ಪ್ರಯಾಣವಿಲ್ಲ. "ಹಸಿ ಕುಡ್ದದೆ, ಒಣಗ್ಲಿ ಬುಡು" ಎಂದು ಬೀಡಿ ಹಚ್ಚುತ್ತಿದ್ದ. ನಾವು ಕಣ್ಣೀರು ನುಂಗಿ ಮನೆಗೆ ಬರುತ್ತಿದ್ದೆವು.

ಹೊರಟ ದಿನ ಮಾತ್ರ ನಾವೇ ರಾಜರು. "ನಡೂಮಧ್ಯ ಕುಂತ್ಕಳ್ರಲಾ, ಎದ್ರೆ ಹೊಳೆಗೆ" ಎನ್ನುವ ಒಂದೇ ಕಾನೂನು. ಅವನು ಯಾವುದನ್ನೂ ಒಡೆಯುತ್ತಿರಲಿಲ್ಲ. ಸುಳಿ ಕಂಡರೆ ಬಳಸಿ ಹೋಗುವ, ಬಂಡೆ ಬಂದರೆ ಹುಟ್ಟನ್ನು ಸುಮ್ಮನೆ ಊರಿ ಸರಿಯುವ. ಹರಿಗೋಲು ಗಿರ್ರನೆ ತಿರುಗಿತೆಂದರೆ ತಾತನಿಗೆ ಅವಮಾನ, ಕೈತಪ್ಪಿತೆಂದು ಲೆಕ್ಕ. ಮರಿಗಡ್ಡೆಗೆ ಇಳಿದರೆ ಮರಳ ಮೇಲೆ ನೀರುನಾಯಿಯ ಹೆಜ್ಜೆ, ಮೀನಿನ ಮುಳ್ಳು, ಬಿಟ್ಟರೆ ದೂರದ ಜಲಪಾತದ ಗುಂಯ್‌ಗುಟ್ಟುವಿಕೆ. ಅಮ್ಮ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ, ನಾವೇ ಮೊದಲು ಕಾಲಿಟ್ಟವರೆಂದು ನಂಬಿ, ಕಲ್ಲು ಗುಡ್ಡೆ ಮಾಡಿ ಬರುತ್ತಿದ್ದೆವು. ಮುಂದಿನ ಮಳೆಗಾಲ ಆ ಗುಡ್ಡೆಯನ್ನೂ ಒಮ್ಮೊಮ್ಮೆ ಗಡ್ಡೆಯನ್ನೂ ಒಯ್ಯುತ್ತಿತ್ತು.

ದೊಡ್ಡ ದ್ವೀಪಕ್ಕೆ ಜಹಗೀರುದಾರ ರಾಮಸ್ವಾಮಿ ಮೊದಲಿಯಾರರು ಸುಮಾರು ಇನ್ನೂರು ವರ್ಷದ ಹಿಂದೆಯೇ ಕಲ್ಲುಕಂಬದ ಸೇತುವೆ ಹಾಕಿಸಿದ್ದರು. ಅದರ ಮೇಲೆ ಗಾಡಿ ಹೋದರೆ ಗಾಲಿಯ ಸದ್ದು, ಕೆಳಗೆ ನೀರಿನ ಸದ್ದು, ಎತ್ತು ಹೆಜ್ಜೆ ಎಣಿಸುತ್ತಿದ್ದಂತೆ ನಡೆಯುತ್ತಿತ್ತು. ಹೊಳೆ ದಾಟುತ್ತಿದ್ದೇವೆಂದು ಮೈಗೇ ಗೊತ್ತಾಗುತ್ತಿತ್ತು. 2018ರ ನೆರೆ ಆ ಹಳೆಯ ಸೇತುವೆಯ ಒಂದು ಭಾಗವನ್ನು ಕಿತ್ತುಕೊಂಡು ಹೋಯಿತು. ಪಕ್ಕದ ಹೊಸ ಸೇತುವೆಯ ಮೇಲೆ ಈಗ ಕಾರುಗಳು ಕಿಟಕಿ ಏರಿಸಿಕೊಂಡೇ ದಾಟುತ್ತವೆ. ಒಳಗೆ ಕೂತವರಿಗೆ ತಾವು ದ್ವೀಪಕ್ಕೆ ಬಂದದ್ದೂ ಗೊತ್ತಿಲ್ಲ, ಬಿಟ್ಟದ್ದೂ ಗೊತ್ತಿಲ್ಲ. ಅಂಥವರೇ ಆಮೇಲೆ ದ್ವೀಪ ಹುಡುಕಿಕೊಂಡು ಮುರ್ಮಾನ್ಸ್ಕ್‌ಗೆ ಹೋಗುತ್ತಾರೇನೋ. ಇರಲಿ, ನನ್ನ ಹೊಟ್ಟೆಕಿಚ್ಚಿನ ಮಾತು.

ಸೇತುವೆ ಬೇಡ, ಕರೆಂಟು ಬೇಡ ಎನ್ನಲು ನನಗೆ ಬಾಯಿಲ್ಲ. ಅಪ್ಪನ ಸಂಬಳದಲ್ಲೇ ನಾವು ಉಂಡದ್ದು, ಅದೇ ದೀಪದಡಿ ನಾನು ಓದಿದ್ದು. ಆದರೂ ಬೇಸಿಗೆಯಲ್ಲಿ ಗಗನಚುಕ್ಕಿಯ ಬಂಡೆ ಬರಿಮೈ ನಿಂತು, ಅದರ ಪಾಲಿನ ನೀರೆಲ್ಲ ಕಾಲುವೆ ಹಿಡಿದು ಪೈಪಿಗಿಳಿಯುವುದನ್ನು ಕಂಡಾಗ, ನಮ್ಮ ಮನೆಯ ಸಾಲವನ್ನು ಆಕೆ ತೀರಿಸುತ್ತಿದ್ದಾಳೇನೋ ಅನಿಸುತ್ತದೆ. ಮಳೆಗಾಲದಲ್ಲಿ ಜಲಪಾತೋತ್ಸವ ಮಾಡಿ ಅವಳ ಮೇಲೆ ಹಸಿರು, ನೀಲಿ, ಕೆಂಪು ದೀಪ ಬಿಡುತ್ತಾರೆ. ನೋಡಲು ಚೆಂದವೇ. ಬೆಳದಿಂಗಳಲ್ಲಿ ಅವಳ ಬಣ್ಣ ಏನಿತ್ತೆಂದು ಕೇಳುವವರಿಲ್ಲ.

ಹೋದ ಸಲ ಭರಚುಕ್ಕಿಯ ಮೆಟ್ಟಿಲಿಳಿದು ಹರಿಗೋಲು ಕೇಳಿದೆ. ಹುಡುಗನೊಬ್ಬ ಕಿತ್ತಳೆ ಜಾಕೆಟ್ ಕೊಟ್ಟ. ಜಾಕೆಟ್ ಒಳ್ಳೆಯದೇ, ನಮ್ಮ ಕಾಲದಲ್ಲಿ ದೇವರ ಮೇಲೆ ಭಾರ ಹಾಕುತ್ತಿದ್ದೆವು. ನಾಲ್ಕು ಮಾರು ಒಯ್ದು ನಿಲ್ಲಿಸಿ, "ಸಾರ್, ಫೋನ್ ರೆಡಿ ಮಾಡ್ಕಳಿ" ಎಂದವನೇ ಹರಿಗೋಲನ್ನು ಬುಗುರಿಯಂತೆ ತಿರುಗಿಸಿದ. ಎಲ್ಲರೂ ಕೇಕೆ ಹಾಕಿದರು. ತಾತನ ಅವಮಾನಕ್ಕೆ ಈಗ ತಲೆಗಿಷ್ಟು ಎಂದು ದರ.

"ಆ ಗಡ್ಡೆಗೆ ಹೋಗಾಣೇನಪ್ಪ?" ಎಂದೆ.

"ಅಲ್ಲೇನದೆ ಸಾರ್, ನೋಡಕ್ಕೆ?"

ದಡದಲ್ಲಿ ಇನ್ನೊಂದು ಹರಿಗೋಲು ಬೋರಲು ಬಿದ್ದಿತ್ತು. ತೊಗಲಿಲ್ಲ, ಪ್ಲಾಸ್ಟಿಕ್ ಹಾಳೆ, ಮೇಲೆ ಟಾರು ಬಳಿದದ್ದು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬಗ್ಗಿ, ಬೆರಳ ಗೆಣ್ಣಿನಿಂದ ನಾಲ್ಕೂ ಕಡೆ ತಟ್ಟಿದೆ. ನಾಲ್ಕೂ ಕಡೆ ಒಂದೇ ಸದ್ದು.