ನಲವತ್ತು ಮಂದಿಯ ನಿಕಾಹ್

ಕಿರಿಯ ಮಗಳ ವಿವಾಹ ನಿಶ್ಚಯವಾದ ಮರುದಿನ, ರಾತ್ರಿಯ ಊಟ ಮುಗಿಸಿ ಕುಳಿತಿದ್ದಾಗ ಅವಳು ನನ್ನ ಮುಂದೆ ಒಂದು ಬೇಡಿಕೆಯಿಟ್ಟಳು. "ಉಪ್ಪ, ಹಾಲ್ ಬೇಡ. ತಣ್ಣೀರುಬಾವಿಯ ಟ್ರೀ ಪಾರ್ಕ್‌ನಲ್ಲಿ ಮಾಡೋಣ. ಅಸರ್ ಆದ ಮೇಲೆ ನಿಕಾಹ್, ನಲವತ್ತು ಜನ ಸಾಕು."

ನಾನು ನಕ್ಕುಬಿಟ್ಟೆ. ನಮ್ಮ ಕುಟುಂಬದಲ್ಲಿ ನಲವತ್ತು ಎಂಬ ಸಂಖ್ಯೆ ಸೋದರತ್ತೆಯರ ಮನೆಗಳಿಗೇ ಸಾಲದು. ಅವಳು ನಗಲಿಲ್ಲ.

ಮಂಗಳೂರಿನವರಿಗೆ ಆ ಸ್ಥಳವನ್ನು ಪರಿಚಯಿಸಬೇಕಾಗಿಲ್ಲ. ಒಂದೆಡೆ ಅರಬ್ಬೀ ಸಮುದ್ರ, ಇನ್ನೊಂದೆಡೆ ಫಲ್ಗುಣಿ ನದಿ, ನಡುವೆ ಮರಗಳ ನೆರಳು. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿಯ ಬಳಿ ದೋಣಿ ಹತ್ತಿದರೆ ಕೆಲವೇ ನಿಮಿಷಗಳ ಪ್ರಯಾಣ. ಮೊಣಕಾಲು ನೋವಿನ ನನ್ನ ಉಮ್ಮನಿಗೆ ದೋಣಿ ಹತ್ತಲಾಗದು. ಅವರನ್ನು ಕೂಳೂರು ಸೇತುವೆ ದಾಟಿ ರಸ್ತೆಯಲ್ಲೇ ಕರೆದೊಯ್ಯಬೇಕು.

ಮೊದಲ ಆಕ್ಷೇಪ ಅವರದೇ. "ಮಸೀದಿ, ಮನೆ ಎಲ್ಲ ಬಿಟ್ಟು ಕಡಲ ಬದಿಯಲ್ಲಿ ನಿಕಾಹಾ? ನಿನ್ನ ತಲೆ ಸರಿ ಉಂಟಾ?" ನಾನು ಉತ್ತರಿಸದೆ ಖತೀಬರ ಬಳಿಗೆ ಹೋದೆ. ಅವರು ತುಂಬ ಸರಳವಾಗಿ ವಿವರಿಸಿದರು: ವಲಿ ಬೇಕು, ಇಬ್ಬರು ಸಾಕ್ಷಿಗಳು ಬೇಕು, ಒಪ್ಪಿಸುವ ಮತ್ತು ಸ್ವೀಕರಿಸುವ ಮಾತುಗಳು ಸಾಕ್ಷಿಗಳ ಕಿವಿಗೆ ಸ್ಪಷ್ಟವಾಗಿ ಬೀಳಬೇಕು, ಮಹ್ರ್ ವಧುವಿನ ಹಕ್ಕು. ಮಸೀದಿಯಲ್ಲಿ ನಡೆದರೆ ಒಳ್ಳೆಯದು, ಆದರೆ ಅದು ನಿಕಾಹ್‌ನ ಶರತ್ತಲ್ಲ. ಭೂಮಿಯೆಲ್ಲವೂ ಈ ಸಮುದಾಯಕ್ಕೆ ಸಾಷ್ಟಾಂಗದ ಸ್ಥಳವಾಗಿದೆಯಲ್ಲವೇ? ಜಮಾಅತ್‌ನ ದಾಖಲೆ ಪುಸ್ತಕವನ್ನು ತಾವೇ ತರುವುದಾಗಿ ಹೇಳಿದರು. "ಆದರೆ ಗಾಳಿ ಇರುತ್ತದೆ, ಮೈಕ್ ಮರೆಯಬೇಡಿ" ಎಂದೂ ಸೇರಿಸಿದರು.

ಹಾಗೆ ಸಿದ್ಧತೆ ಆರಂಭವಾಯಿತು. ಮಳೆ ಸಂಪೂರ್ಣ ಹಿಂದೆ ಸರಿಯುವ ಡಿಸೆಂಬರ್ ತಿಂಗಳನ್ನು ಆರಿಸಿದೆವು. ಅದು ಸಾರ್ವಜನಿಕ ಉದ್ಯಾನ. ಅನುಮತಿಯ ಅರ್ಜಿ ಬರೆದೆ. ವುಝೂ ಮಾಡಲು ಕ್ಯಾನ್‌ಗಳಲ್ಲಿ ನೀರು, ಹಾಸಲು ಚಾಪೆ. ಕಡಲಿಗೆ ಮುಖಮಾಡಿ ತುಸು ಬಲಕ್ಕೆ ತಿರುಗಿದರೆ ಕಿಬ್ಲಾ. ಮಗ್ರಿಬ್ ಅಲ್ಲೇ ನಿರ್ವಹಿಸಬಹುದೆಂದು ಮಗಳು ಹೇಳಿದಾಗ ಉಮ್ಮನ ಮುಖದಲ್ಲಿ ಮೊದಲ ಬಾರಿಗೆ ಸಮ್ಮತಿಯ ಛಾಯೆ ಕಂಡೆ.

ಕಷ್ಟವಾದದ್ದು ಪಟ್ಟಿ. ಕರೆಯದವರು ಮುನಿಸಿಕೊಂಡರೆ? ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮದೀನಾದಲ್ಲಿ ವಿವಾಹವಾದ ಸಂಗತಿ ಪ್ರವಾದಿ(ಸ)ರಿಗೆ ತಿಳಿದದ್ದು ವಿವಾಹವಾದ ಬಳಿಕ, ಅವರ ಮೇಲಿದ್ದ ಸುಗಂಧದ ಹಳದಿ ಕಲೆಯನ್ನು ಕಂಡಾಗ. ನನ್ನನ್ನೇಕೆ ಕರೆಯಲಿಲ್ಲ ಎಂದು ಪ್ರವಾದಿ(ಸ) ಕೇಳಲಿಲ್ಲ; ಸಮೃದ್ಧಿಗಾಗಿ ಪ್ರಾರ್ಥಿಸಿ, ಒಂದು ಆಡಿನಿಂದಲಾದರೂ ವಲೀಮಾ ನೀಡಲು ಸೂಚಿಸಿದರು. ಈ ಘಟನೆಯನ್ನು ಎಷ್ಟೋ ಬಾರಿ ಕೇಳಿದ್ದೇನೆ. ಆದರೂ ಪಟ್ಟಿಯಿಂದ ಹೆಸರು ಅಳಿಸುವಾಗ ಕೈ ನಡುಗಿತು. ಅಳಿಸಿದ ಹೆಸರುಗಳನ್ನು ಉಮ್ಮ ಓದಿಸಿ ಕೇಳಿ, "ಬಡವರೇ ಮೊದಲು ಹೋದರಲ್ಲ" ಎಂದರು. ನಿಜವೇ ಆಗಿತ್ತು. ಅಂಗಡಿಯ ದೊಡ್ಡ ಗಿರಾಕಿಗಳು ಉಳಿದಿದ್ದರು. ಮೂವತ್ತು ವರ್ಷ ನಮ್ಮ ಅಂಗಳ ಗುಡಿಸಿದ ಹೆಂಗಸಿನ ಹೆಸರು ಇರಲಿಲ್ಲ. ಧನಿಕರನ್ನು ಕರೆದು ಬಡವರನ್ನು ಬಿಡುವ ವಲೀಮಾದ ಊಟವನ್ನು ಹದೀಸ್ ಏನೆಂದು ಕರೆದಿದೆಯೆಂಬುದು ನಮಗೆಲ್ಲ ಗೊತ್ತು. ಪಟ್ಟಿಯನ್ನು ಹರಿದು ಹೊಸದಾಗಿ ಬರೆದೆ.

ಆ ಸಂಜೆ ಹಿರಿಯ ಮಗಳು ತವರಿಗೆ ಬಂದಿದ್ದಳು. ತಂಗಿಯ ಯೋಜನೆಯನ್ನೆಲ್ಲ ಆಲಿಸಿ, ನಗುತ್ತಲೇ ಕೇಳಿದಳು: "ಉಪ್ಪ, ನನ್ನನ್ನು ಯಾಕೆ ಕೇಳಲಿಲ್ಲ?"

ಎಂಟು ವರ್ಷಗಳ ಹಿಂದಿನ ಅವಳ ಮದುವೆಗೆ ಸಾವಿರದೈನೂರು ಮಂದಿ ಉಂಡಿದ್ದರು. ಆ ಸಾಲ ತೀರಿಸಲು ನನಗೆ ಐದು ವರ್ಷ ಹಿಡಿಯಿತು. ವರನ ಕುರಿತು ಅವಳ ಅಭಿಪ್ರಾಯ ಕೇಳಿದ್ದೆ, ಅವಳು ತಲೆತಗ್ಗಿಸಿದ್ದಳು. ಕನ್ಯೆಯ ಮೌನವೇ ಸಮ್ಮತಿ ಎಂಬ ಪ್ರವಾದಿ ವಚನವನ್ನು ನೆನೆದು ಸಮಾಧಾನಪಟ್ಟಿದ್ದೆ. ಆದರೆ ಆ ಒಂದು ಮೌನವನ್ನು ನಾನು ಎಲ್ಲೆಲ್ಲಿಗೆ ಎಳೆದೆ! ಹಾಲ್‌ಗೆ, ಚಿನ್ನಕ್ಕೆ, ಅತಿಥಿಗಳ ಸಂಖ್ಯೆಗೆ, ವೇದಿಕೆಯ ಹೂವಿಗೆ. ಅವಳು ಒಪ್ಪಿದ್ದು ಒಬ್ಬ ಸಂಗಾತಿಯನ್ನು. ಉಳಿದದ್ದನ್ನು ಯಾರೂ ಅವಳ ಮುಂದಿಟ್ಟಿರಲಿಲ್ಲ.

ನನ್ನಲ್ಲಿ ಉತ್ತರವಿರಲಿಲ್ಲ. "ಕೇಳಿದ್ದರೆ ಏನು ಹೇಳುತ್ತಿದ್ದೆ?" ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಖುತ್ಬಾ ಕೇಳಬೇಕೆಂದು ಆಸೆಯಿತ್ತು. ನಾನಿದ್ದ ಕೋಣೆಗೆ ಏನೂ ಕೇಳಿಸಲಿಲ್ಲ. ಯಾರೋ ಬಂದು, ನಿಕಾಹ್ ಆಯಿತು ಎಂದರು."

ಕಳೆದ ಭಾನುವಾರ ನಾವು ಮೂವರೂ ತಣ್ಣೀರುಬಾವಿಗೆ ಹೋಗಿದ್ದೆವು. ಮಹಿಳೆಯರ ಚಾಪೆಗಳನ್ನು ಎಲ್ಲಿ ಹಾಸಬೇಕೆಂಬುದನ್ನು ನಿರ್ಧರಿಸುವ ಹೊಣೆಯನ್ನು ಹಿರಿಯವಳೇ ವಹಿಸಿಕೊಂಡಿದ್ದಾಳೆ. ನಾನು ಒಂದು ಮರದಡಿ ನಿಂತು, ಮೈಕಿಲ್ಲದೆ, ನಿಕಾಹ್‌ನಲ್ಲಿ ವಲಿಯಾಗಿ ನಾನು ಹೇಳಬೇಕಾದ ಮಾತನ್ನು ಹೇಳಿ ನೋಡಿದೆ. ಗಾಳಿ ಕಡಲಿನಿಂದ ಬೀಸುತ್ತಿತ್ತು. ಅವಳು ಕಿವಿಯ ಬಳಿ ಕೈಯಿಟ್ಟು ಆಲಿಸಿ, ಹತ್ತು ಹೆಜ್ಜೆ ಮುಂದೆ ಬಂದಳು. ಮತ್ತೆ ಐದು ಹೆಜ್ಜೆ. ಬಳಿಕ ಅಲ್ಲೇ ನಿಂತು, ಕಾಲಿನ ತುದಿಯಿಂದ ಮರಳಿನ ಮೇಲೆ ಒಂದು ಗೆರೆ ಎಳೆದಳು.