ಮುಗಿಲಿನ ಮಾತುಕತೆ

ಬಾಗಲಕೋಟೆಯ ಬಯಲಿನ ಮೇಲೆ ಆಕಾಶವು ತಿಳಿಯಾಗಿರುವಾಗ ತಲೆಯೆತ್ತಿ ನೋಡಿದರೆ, ಬಲು ಎತ್ತರದಲ್ಲಿ ಬೆಳ್ಳಿಯ ಚುಕ್ಕೆಯಂತಹ ವಿಮಾನವೊಂದು ಸಾಗುತ್ತಿರುವುದು ಕಾಣುವುದುಂಟು. ನೋಡುವವರಿಗೆ ಅದು ಮೌನವಾಗಿ, ತನ್ನಿಚ್ಛೆಯಂತೆ ಹೋಗುತ್ತಿರುವಂತೆ ತೋರುತ್ತದೆ. ನಿಜಸ್ಥಿತಿ ಹಾಗಿಲ್ಲ. ಎಷ್ಟು ಎತ್ತರದಲ್ಲಿ ಹಾರಬೇಕು, ಯಾವ ದಿಕ್ಕಿಗೆ ತಿರುಗಬೇಕು, ಯಾವಾಗ ಇಳಿಯಬೇಕು ಎಂಬುದನ್ನೆಲ್ಲ ನೆಲದ ಮೇಲೆ ಕುಳಿತ ನಿಯಂತ್ರಕರು ರೇಡಿಯೋ ಮೂಲಕ ತಿಳಿಸುತ್ತಾರೆ. ವೈಮಾನಿಕರು ಅದಕ್ಕೆ ಉತ್ತರ ಕೊಡುತ್ತಾರೆ. ಈ ವ್ಯವಸ್ಥೆಗೆ ವಾಯುಸಂಚಾರ ನಿಯಂತ್ರಣವೆಂದು ಹೆಸರು.

ಈ ಮಾತುಕತೆಯನ್ನು ಮೊದಲ ಸಲ ಕೇಳುವವನಿಗೆ ಅದು ಅರ್ಥವಾಗುವುದಿಲ್ಲ. ಧ್ವನಿ ಕರಕರ ಎನ್ನುತ್ತದೆ. ಮಾತು ಬಾಣದಂತೆ ಬಂದು ಹೋಗುತ್ತದೆ. ಅಂಕಿಗಳು, ಅಕ್ಷರಗಳು, ತುಂಡು ತುಂಡಾದ ಪದಗಳು ಮಾತ್ರ ಕಿವಿಗೆ ಬೀಳುತ್ತವೆ. ಅಂತರರಾಷ್ಟ್ರೀಯ ವಿಮಾನಯಾನದಲ್ಲಿ ಈ ಮಾತು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುವುದರಿಂದ, ಕನ್ನಡ ಶಾಲೆಯಲ್ಲಿ ಓದಿದ ಹುಡುಗನೋ ಹುಡುಗಿಯೋ ‘ಇದು ನಮ್ಮಿಂದಾಗದು’ ಎಂದು ಹಿಂಜರಿಯುವುದು ಸಹಜ. ಆದರೆ ಇಂಗ್ಲಿಷೇ ಮನೆಮಾತಾದವನೂ ಮೊದಲ ದಿನ ಹೀಗೆಯೇ ತಬ್ಬಿಬ್ಬಾಗುತ್ತಾನೆ. ಏಕೆಂದರೆ ಇದು ಮನೆಯ ಮಾತೂ ಅಲ್ಲ, ಪುಸ್ತಕದ ಮಾತೂ ಅಲ್ಲ. ತಪ್ಪಿಗೆ ಎಡೆಯಿರಬಾರದೆಂದು ಕಡೆದು ರೂಪಿಸಿದ ಮಾತು.

ಈ ಮಾತಿಗೆ ಒಂದು ಕ್ರಮವಿದೆ. ಹುನಗುಂದದ ಎರೆಹೊಲದಲ್ಲಿ ದೂರದಲ್ಲಿರುವವನನ್ನು ಕರೆಯುವವನು ಮೊದಲು ಅವನ ಹೆಸರು ಹಿಡಿದು ಕೂಗುತ್ತಾನೆ. ಆತ ಓಗೊಟ್ಟ ಮೇಲೆ ವಿಷಯ ಹೇಳುತ್ತಾನೆ. ಮುಗಿಲಿನ ಮಾತೂ ಹಾಗೆಯೇ. ಮೊದಲು ಕರೆಯಲ್ಪಡುವವರ ಹೆಸರು, ಬಳಿಕ ಕರೆಯುವವರ ಹೆಸರು, ಅನಂತರ ಇರುವ ಸ್ಥಳ, ಎತ್ತರ ಮತ್ತು ಕೋರಿಕೆ. ಈ ಕ್ರಮವನ್ನು ಅರಿತ ಅಭ್ಯಾಸಿಗೆ ಮುಂದೆ ಯಾವ ಮಾತು ಬರಲಿದೆಯೆಂಬುದು ಮೊದಲೇ ಹೊಳೆಯುತ್ತದೆ. ಏನನ್ನು ನಿರೀಕ್ಷಿಸಬೇಕೆಂದು ತಿಳಿದ ಕಿವಿಗೆ ಒಡೆದ ಧ್ವನಿಯೂ ಸ್ಪಷ್ಟವಾಗುತ್ತದೆ.

ಇಂಗ್ಲಿಷಿನ ಬಿ, ಡಿ, ಪಿ, ಟಿ ಅಕ್ಷರಗಳು ರೇಡಿಯೋದಲ್ಲಿ ಒಂದೇ ಬಗೆಯಾಗಿ ಕೇಳಿಸುತ್ತವೆ. ಆದುದರಿಂದ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಪದವಿದೆ: ಬ್ರಾವೋ, ಡೆಲ್ಟಾ, ಪಾಪಾ, ಟ್ಯಾಂಗೋ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1956ರಲ್ಲಿ ಜಾರಿಗೆ ತಂದ ಈ ಪದಮಾಲೆಯಲ್ಲಿ ಐ ಅಕ್ಷರಕ್ಕೆ ‘ಇಂಡಿಯಾ’ ಎಂಬ ಪದವೇ ಗೊತ್ತಾಗಿದೆ. ಅಂಕಿಗಳ ಉಚ್ಚಾರಣೆಯೂ ಬೇರೆ. ಐದು ಮತ್ತು ಒಂಬತ್ತು ಒಂದಕ್ಕೊಂದು ಬೆರೆಯದಿರಲೆಂದು ‘ಫೈಫ್’, ‘ನೈನರ್’ ಎನ್ನುತ್ತಾರೆ. ‘ರೋಜರ್’ ಎಂಬ ಪದವು ‘ನಿಮ್ಮ ಮಾತೆಲ್ಲ ಕೇಳಿಸಿತು’ ಎಂಬುದನ್ನಷ್ಟೇ ಹೇಳುತ್ತದೆ, ಅದು ಒಪ್ಪಿಗೆಯಲ್ಲ. ಹೇಳಿದಂತೆ ಮಾಡುವೆನೆಂಬುದಕ್ಕೆ ‘ವಿಲ್ಕೋ’ ಎಂಬ ಬೇರೆ ಪದವೇ ಇದೆ.

ಈ ರೇಡಿಯೋ ಅಲೆಗಳು ಹೆಚ್ಚಾಗಿ 118ರಿಂದ 137 ಮೆಗಾಹರ್ಟ್ಸ್ ಆವರ್ತನದಲ್ಲಿರುತ್ತವೆ. ಇವು ಬಹುತೇಕ ನೇರವಾಗಿ ಸಾಗುತ್ತವೆ. ಬಾದಾಮಿಯ ಕೆಂಪು ಬಂಡೆಗಳಂತಹ ಬೆಟ್ಟ ಅಡ್ಡ ಬಂದರೆ ಅದನ್ನು ಸುತ್ತಿಕೊಂಡು ಬರಲಾರವು. ಹತ್ತು ಸಾವಿರ ಮೀಟರ್ ಎತ್ತರದ ವಿಮಾನದಿಂದ ಹೊರಟ ಧ್ವನಿಯು ಬಯಲಿನಲ್ಲಿ ಸುಮಾರು 400 ಕಿಲೋಮೀಟರ್ ದೂರ ಮುಟ್ಟಬಲ್ಲದು. ಬೆಳಗಾವಿಯ ಸಾಂಬ್ರಾ ನಿಲ್ದಾಣದ ಗೋಪುರದಿಂದ ಹೊರಟ ಧ್ವನಿಯಾದರೋ ಬಾದಾಮಿಯ ನೆಲವನ್ನು ತಲುಪದು. ಭೂಮಿಯ ಬಾಗೇ ಅದಕ್ಕೆ ಮರೆಯಾಗುತ್ತದೆ. ಹೀಗೆ ದೂರದಲ್ಲಿರುವವರಿಗೆ ದಕ್ಕುವುದು ಈ ಸಂಭಾಷಣೆಯ ಒಂದು ಪಾಲು ಮಾತ್ರ.

ಆದರೂ ಆ ಒಂದು ಪಾಲಿನಿಂದಲೇ ಇನ್ನೊಂದನ್ನು ಊಹಿಸಬಹುದು. ನಿಯಂತ್ರಕನು ಎತ್ತರವನ್ನೋ ದಿಕ್ಕನ್ನೋ ಹೇಳಿದರೆ ವೈಮಾನಿಕನು ಅದನ್ನು ಮರಳಿ ಹೇಳಲೇಬೇಕು. ಮರಳಿ ಬಂದ ಮಾತನ್ನು ನಿಯಂತ್ರಕನು ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದಲೇಬೇಕು. ಇಳಕಲ್ಲಿನ ನೇಕಾರರು ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿಗೆ ಕೊಂಡಿ ಸೇರಿಸಿ ಕೂಡಿಸುತ್ತಾರೆ. ಈ ಮಾತೂ ಹಾಗೆಯೇ. ಹೇಳಿದ ಎಳೆಗೆ ಮರಳಿ ಹೇಳಿದ ಎಳೆ ಕೂಡಿಕೊಂಡಾಗಲೇ ಅದು ಗಟ್ಟಿಯಾಗುತ್ತದೆ.

ಕೊಂಡಿ ತಪ್ಪಿದಲ್ಲಿ ಏನಾಗುವುದೆಂಬುದಕ್ಕೆ ಘೋರವಾದ ನಿದರ್ಶನಗಳಿವೆ. 1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ಮಂಜು ಕವಿದಿತ್ತು. ಅನುಮತಿ ದೊರೆಯುವ ಮುನ್ನವೇ ಒಂದು ದೊಡ್ಡ ವಿಮಾನವು ಮೇಲೇರಲು ಓಡತೊಡಗಿತು. ಅದನ್ನು ತಡೆಯಬಹುದಾಗಿದ್ದ ಎರಡು ಮಾತುಗಳು ಒಂದೇ ಕ್ಷಣದಲ್ಲಿ ಹೊರಟು, ಪರಸ್ಪರ ಬೆರೆತು, ಸಿಳ್ಳಾಗಿ ಕೇಳಿಸಿದವು. ಓಡುದಾರಿಯಲ್ಲೇ ಇದ್ದ ಮತ್ತೊಂದು ವಿಮಾನಕ್ಕೆ ಅದು ಬಡಿದು 583 ಜನ ಮಡಿದರು. 1996ರ ನವೆಂಬರ್ 12ರಂದು ನಮ್ಮ ದೇಶದ ಚರ್ಖಿ ದಾದ್ರಿಯ ಮೇಲೆ, 15,000 ಅಡಿ ಎತ್ತರದಲ್ಲಿರಬೇಕಾಗಿದ್ದ ವಿಮಾನವು ಇನ್ನೂ ಕೆಳಗಿಳಿದು, ದಿಲ್ಲಿಯಿಂದ ಏರಿ ಬರುತ್ತಿದ್ದ ವಿಮಾನಕ್ಕೆ ಡಿಕ್ಕಿ ಹೊಡೆಯಿತು. 349 ಜನ ಅಸುನೀಗಿದರು. ಆ ಎರಡರ ನಡುವೆ ಕಾಯಬೇಕಾಗಿದ್ದುದು ಕೇವಲ ಸಾವಿರ ಅಡಿಗಳ ಅಂತರವನ್ನು.

ಇಂತಹ ಅನುಭವಗಳ ತರುವಾಯ ನಿಯಮಗಳು ಇನ್ನಷ್ಟು ಬಿಗಿಯಾದವು. ವೈಮಾನಿಕರ ಮತ್ತು ನಿಯಂತ್ರಕರ ಭಾಷಾಜ್ಞಾನವನ್ನು ಈಗ 6 ಮಟ್ಟಗಳಲ್ಲಿ ಅಳೆಯುತ್ತಾರೆ. ಕನಿಷ್ಠ 4ನೆಯ ಮಟ್ಟವಾದರೂ ಇರಬೇಕು. ಅಲ್ಲಿಯೂ ತಾಯ್ನುಡಿಯ ಛಾಯೆ ಉಚ್ಚಾರಣೆಯಲ್ಲಿ ಸುಳಿಯುವುದು ಕೊರತೆಯಲ್ಲ. ಕೇಳುವವರಿಗೆ ಅರ್ಥವಾಗದಿರುವುದೇ ಕೊರತೆ. ಪ್ರಯಾಗರಾಜದಲ್ಲಿ 1948ರಿಂದ ನಡೆಯುತ್ತಿರುವ ನಾಗರಿಕ ವಿಮಾನಯಾನ ತರಬೇತಿ ಕಾಲೇಜಿನಲ್ಲಿ ಕಲಿತವರು ದೇಶದ ಗೋಪುರಗಳಲ್ಲಿ ಕುಳಿತು ಈ ಹೊಣೆಯನ್ನು ಹೊರುತ್ತಾರೆ. ಭೌತಶಾಸ್ತ್ರ ಮತ್ತು ಗಣಿತಗಳನ್ನು ಶ್ರದ್ಧೆಯಿಂದ ಓದಿ ಪದವಿ ಪಡೆದ ಹಳ್ಳಿಯ ವಿದ್ಯಾರ್ಥಿಗೂ ಆ ದಾರಿ ಮುಚ್ಚಿಲ್ಲ.

ಹೊಸ ಅಭ್ಯಾಸಿ ಕಲಿಯಬೇಕಾದುದು ವೇಗವಾಗಿ ಮಾತನಾಡುವುದನ್ನಲ್ಲ. ಮೊದಲು ಅಂಕಿಗಳನ್ನು ಹಿಡಿಯಬೇಕು, ಬಳಿಕ ಹೆಸರುಗಳನ್ನು, ಆಮೇಲೆ ಕ್ರಮವನ್ನು; ಕೇಳಿದ್ದನ್ನು ಬರೆದು, ಬರೆದುದನ್ನು ಮರಳಿ ಹೇಳಬೇಕು. ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿರೆಂದು ಕೇಳಲು ನಾಚಬಾರದು. ತಿಳಿಯದೆಯೇ ತಿಳಿಯಿತೆಂದು ತಲೆದೂಗುವುದು ನಾಲ್ಕು ಜನರ ನಡುವೆ ಸಂಕೋಚವನ್ನು ಮರೆಮಾಡೀತು. ಮುಗಿಲಿನಲ್ಲಿ ಅದು ನೂರಾರು ಜೀವಗಳನ್ನು ಬಲಿ ಕೊಟ್ಟೀತು.